ರುಕ್ಮಿಣಿಬಾಯಿ ಎಳೆದ ಮೋಟಾರು

ಆಳಂದ ತಾಲೂಕಿನ ಗಡಿಯಂಚಿನ ಆ ಊರಲ್ಲಿ ರುಕ್ಮಿಣಿಬಾಯಿಗೆ ಸಿಟ್ಟಿನ ಹೆಂಗಸು ಎಂದೇ ಹೆಸರು. ವಯಸ್ಸು ಐವತ್ತೆರಡು. ಅವಳು ಮದುವೆಯಾಗಿ ಬಂದಾಗ ಅವಳ ಕೇರಿಯವರು ಊರಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಬೇರೆ ಯಾರಾದರೂ ಮನಸ್ಸು ಮಾಡಿ ಸೇದಿ ಸುರಿಯುವತನಕ ಅತ್ತೆ ಸೊಸೆ ಬಿಸಿಲಲ್ಲಿ ಕೂತಿರಬೇಕಿತ್ತು. ಕೇರಿಯವರು ಜಗಳವಾಡಿ ಅದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಹಳೆಯದನ್ನೆಲ್ಲ ಮರೆತುಬಿಡು ಎಂದು ಯಾರಾದರೂ ಬುದ್ಧಿ ಹೇಳಿದರೆ, ಅಲ್ಲಿ ಕೂತವರು ನೀವಲ್ಲವಲ್ಲ ಎನ್ನುತ್ತಾಳೆ.

ಉದ್ಯೋಗ ಖಾತ್ರಿಯಲ್ಲಿ ಅವಳು ಕಾಯಕ ಬಂಧು. ಎಂದರೆ, ಕೂಲಿಯವರ ಗುಂಪು ಕಟ್ಟಿ, ಹಾಜರಿ ಹಾಕಿ, ಟೇಪು ಹಿಡಿದು ಕೆಲಸ ಅಳೆದುಕೊಡುವವಳು. ಹದಿನೈದು ವರ್ಷ ಬದು ಹಾಕಿ, ಕೃಷಿ ಹೊಂಡ ತೋಡಿ, ನೆಲದ ಗುಣವೆಲ್ಲ ಅವಳಿಗೆ ಗೊತ್ತಿತ್ತು. ಎರೆಮಣ್ಣು ನೀರನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ, ಮುರುಂ ಎಂಬ ಗರಸು ಮಣ್ಣು ಇದ್ದಲ್ಲಿ ಮಾತ್ರ ಆಳಕ್ಕೆ ಇಂಗುತ್ತದೆ. 2023ರ ಬೇಸಿಗೆಯಲ್ಲಿ ನೀರು ಇಂಗಿಸುವ ಕಂದಕ ತೋಡುವ ಕೆಲಸ ಬಂತು. ಫೋಟೊ ತೆಗೆಯಲು ಸಲೀಸೆಂದು ಅಧಿಕಾರಿಗಳು ರಸ್ತೆ ಪಕ್ಕದ ಎರೆಭೂಮಿ ತೋರಿಸಿದರು. ರುಕ್ಮಿಣಿಬಾಯಿ ಮೂರು ದಿನ ಯಾರಿಗೂ ಗುದ್ದಲಿ ಎತ್ತಲು ಬಿಡಲಿಲ್ಲ. ಊರಬಾವಿಯ ಮೇಲಿನ ಗುಡ್ಡದ ಓರೆಯಲ್ಲಿ ಮುರುಂ ಇದೆ, ಅಲ್ಲಿ ತೋಡಿದರೆ ಬಾವಿಗೆ ಸೆಲೆ ಬರುತ್ತದೆ ಎಂದು ಹಟ ಹಿಡಿದಳು. ಬೇಸತ್ತ ಅಧಿಕಾರಿಗಳು ಒಪ್ಪಿದರು. ಹನ್ನೊಂದು ಹೆಂಗಸರು ಎರಡು ತಿಂಗಳು ಆ ಓರೆಯನ್ನು ಅಗೆದರು. ಬಾವಿಯ ಹೂಳನ್ನೂ ಅವರೇ ಬುಟ್ಟಿಗಳಲ್ಲಿ ಹೊತ್ತು ಹಾಕಿದರು. ಒಡೆದ ಕೊಡ, ಸೈಕಲ್ ಟೈರು, ಬಾಟಲಿ ಚೂರು, ಏನೇನೋ ಬಂದವು.

ಜುಲೈನಲ್ಲಿ ಒಳ್ಳೆಯ ಮಳೆಯಾಗಿ ಬಾವಿ ಅರ್ಧಕ್ಕಿಂತ ಮೇಲೆ ತುಂಬಿತು. ಆಗಸ್ಟಿನಿಂದ ಮುಗಿಲು ಬಾಯಿ ಮುಚ್ಚಿತು. ತೊಗರಿ ಹೂವಿನಲ್ಲೇ ಉದುರಿತು, ಸರ್ಕಾರ ಬರಗಾಲವೆಂದು ಸಾರಿತು. ಸಂಕ್ರಾಂತಿಯ ಹೊತ್ತಿಗೆ ಊರಿನ ಬೋರುಗಳು ಒಂದೊಂದಾಗಿ ಬತ್ತಿ, ಕುಡಿಯಲು ಆ ಬಾವಿಯೊಂದೇ ಉಳಿಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ, ಅವಳ ಜೊತೆ ಕಂದಕ ತೋಡಿದ್ದ ಕರೀಮುನ್ನಿಸಾ ಬಂದು ಬಾವಿ ಒಮ್ಮೆಲೇ ಎರಡು ಮೆಟ್ಟಿಲು ಇಳಿದಿದೆ ಎಂದಳು. ಇಬ್ಬರೂ ಹೋಗಿ ನೋಡಿದರು. ನೀರಿನೊಳಗೆ ಹೊಸ ಮೋಟಾರು ಕೂತಿತ್ತು. ಅದರ ಕರಿ ಪೈಪು ಸಾವುಕಾರ ಕಲ್ಯಾಣಪ್ಪನ ಕಬ್ಬಿನ ಹೊಲಕ್ಕೆ ಹೋಗಿತ್ತು. ಸುತ್ತಲಿನ ನೆಲವೆಲ್ಲ ಬಿರುಕು ಬಿಟ್ಟು ಬಿದ್ದಿರುವಾಗ ಅವನ ಕಬ್ಬು ಮಾತ್ರ ಹಸಿರಾಗಿತ್ತು.

ರುಕ್ಮಿಣಿಬಾಯಿ ನೇರ ಅವನ ಮನೆಯ ಕಟ್ಟೆಗೆ ಹೋದಳು.

"ಸಾವುಕಾರ್ರ, ಅದು ಕುಡಿಯೋ ನೀರದರಿ. ಮೋಟಾರ ತೆಗೀರಿ."

ಕಲ್ಯಾಣಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ಬಾವಿ ಊರಿಂದು, ನಾನೂ ಊರಾಂವ ಇದ್ದೀನಿ. ನೀವೇನು ಪುಕ್ಕಟ ತೋಡೀರೇನ್ ಬೇ? ಪಗಾರ ತಗೊಂಡೀರಿ, ಮುಗೀತು."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಪಂಚಾಯಿತಿಗೆ ಅರ್ಜಿ ಕೊಟ್ಟಳು. ನೋಡೋಣ ಎಂದರು. ಮತ್ತೆ ಕೊಟ್ಟಳು. ಮೇಲಿನವರಿಗೆ ಬರೆಯುತ್ತೇವೆ ಎಂದರು. ಮೂರನೆಯ ಸಲ ಹೋದಾಗ, ದೊಡ್ಡವರ ಜೊತೆ ನಿನಗ್ಯಾಕೆ ಉಸಾಬರಿ ಎಂದು ಒಬ್ಬ ಸದಸ್ಯ ನಕ್ಕ. ಅಷ್ಟರಲ್ಲಿ ಬಾವಿ ತಳ ಕಾಣತೊಡಗಿತ್ತು. ಮೋಟಾರು ಕಂಡ ಹನ್ನೆರಡನೆಯ ದಿನ ಪಾಳಿಯಲ್ಲಿ ನಿಂತ ಹೆಂಗಸರಿಬ್ಬರು ಕೊಡ ಎತ್ತಿ ಹೊಡೆದಾಡಿಕೊಂಡರು. ಒಬ್ಬಳ ಹಣೆ ಒಡೆದು ರಕ್ತ ಸುರಿಯಿತು. ರುಕ್ಮಿಣಿಬಾಯಿ ತನ್ನ ಸೆರಗನ್ನೇ ಅವಳ ಹಣೆಗೆ ಒತ್ತಿ ಹಿಡಿದಳು. ನೀರು ಕದ್ದವನು ನೆರಳಲ್ಲಿ ಕೂತಿದ್ದ, ಹೊಡೆದಾಡಿದವರು ಇವರು.

ಅವತ್ತು ಮಧ್ಯಾಹ್ನವೇ, ಎಲ್ಲರ ಕಣ್ಣೆದುರಿಗೆ, ಅವಳು ಮೋಟಾರಿಗೆ ಕರೆಂಟು ಕೊಡುತ್ತಿದ್ದ ಕಂಬದ ಡಬ್ಬಿಯಿಂದ ಫ್ಯೂಜು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾವಿಗಿಳಿದು ಮೋಟಾರಿಗೆ ಹಗ್ಗ ಬಿಗಿದಳು. ಮೇಲೆ ನಿಂತ ಹೆಂಗಸರು ಎಳೆದರು. ಕರೀಮುನ್ನಿಸಾಳ ಗಂಡ ಅಬ್ದುಲ್ ಗನಿ ತನ್ನ ಟಂಟಂ ಆಟೊ ತಂದು ನಿಲ್ಲಿಸಿದ. ಕೆಸರು ಸೋರುತ್ತಿದ್ದ ಮೋಟಾರನ್ನು ಅದರಲ್ಲಿ ಹೇರಿ, ಆಳಂದಕ್ಕೆ ಒಯ್ದು, ತಹಶೀಲ್ದಾರರ ಕೋಣೆಯ ಬಾಗಿಲಲ್ಲೇ ಇಟ್ಟರು. ಜವಾನ ಬೈದ. ಹೆಂಗಸರು ಕದಲಲಿಲ್ಲ. ತಹಶೀಲ್ದಾರರು ಹೊರಗೆ ಬಂದು ಇದೇನೆಂದು ಕೇಳಿದರು.

"ನಮ್ಮ ಕುಡಿಯೋ ನೀರಿನ ಬಾವ್ಯಾಗ ಸಿಕ್ಕದರಿ," ಎಂದಳು ರುಕ್ಮಿಣಿಬಾಯಿ. "ಯಾರದು ಅಂತ ನಾವು ಕೇಳಿದರ ಪಂಚಾಯ್ತ್ಯಾಗ ಯಾರೂ ಹೇಳವಲ್ಲರು. ನೀವು ಬಂದು ಕೇಳ್ರಿ."

ಮರುದಿನ ಅವರು ಪಂಚನಾಮೆಗೆ ಬಂದರು. ಬಾವಿಯ ಸುತ್ತ ಊರೇ ನೆರೆಯಿತು. ಬಾವಿಯಲ್ಲಿರುವ ಪೈಪು ಹಳೆಯದು, ಮೋಟಾರು ತನ್ನ ಹೊಲದ ಮನೆಯಲ್ಲಿತ್ತು, ಈ ಹೆಂಗಸರು ಬೀಗ ಮುರಿದು ಕದ್ದರು ಎಂದ ಕಲ್ಯಾಣಪ್ಪ. ಮೋಟಾರು ಬಾವಿಯಲ್ಲಿದ್ದುದನ್ನು ಯಾರು ಕಂಡಿದ್ದೀರಿ ಎಂದು ತಹಶೀಲ್ದಾರರು ಕೇಳಿದರು. ದಿನವೂ ಅದೇ ಬಾವಿಯ ನೀರು ಕುಡಿಯುವ ಗಂಡಸರೆಲ್ಲ ನೆಲ ನೋಡುತ್ತ ನಿಂತರು. ರುಕ್ಮಿಣಿಬಾಯಿ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿದಳು. ಒಬ್ಬರೂ ತಲೆ ಎತ್ತಲಿಲ್ಲ.

ಆಗ ಹಿಂದಿನಿಂದ ಕೋಲೂರಿಕೊಂಡು ಬಂದವಳು ಕಲ್ಯಾಣಪ್ಪನ ತಾಯಿ, ಗಂಗಾಬಾಯಿ.

"ಮೋಟಾರ ಬಾವ್ಯಾಗೇ ಇತ್ತರಿ," ಎಂದಳು. "ನನ್ನ ಮಗನೇ ಇಳಿಸ್ಯಾನ. ನಾ ದಿನಾ ನೋಡೇನಿ."

ಅವ್ವನಿಗೆ ಅರಳುಮರಳು ಎಂದ ಮಗ. ಮುದುಕಿ ಅವನತ್ತ ತಿರುಗಲೂ ಇಲ್ಲ, ಕಾಗದ ಇಸಿದುಕೊಂಡು ಹೆಬ್ಬೆಟ್ಟು ಒತ್ತಿದಳು.

ಪೈಪು ಕಿತ್ತರು, ವಿದ್ಯುತ್ ತಂತಿ ಕತ್ತರಿಸಿದರು. ಬಾವಿ ಕುಡಿಯುವ ನೀರಿಗಷ್ಟೇ ಎಂದು ಆದೇಶವಾಯಿತು. ಕಬ್ಬು ಒಣಗಿತು. ಜೂನ್ ಮಳೆ ಬರುವತನಕ, ಸೆಲೆಯಿಂದ ಜಿನುಗಿದ ನೀರಲ್ಲಿ, ದಿನಕ್ಕೆ ಮನೆಗೆ ನಾಲ್ಕು ಕೊಡದಂತೆ ಊರು ಬದುಕಿತು. ಆದರೆ ಕಲ್ಯಾಣಪ್ಪ ಕೊಟ್ಟ ಕಳವಿನ ದೂರು ಹಾಗೆಯೇ ಉಳಿದು ಕೋರ್ಟಿಗೆ ಹೋಯಿತು. ಹೊಸ ಕಾಯಕ ಬಂಧುಗಳ ಪಟ್ಟಿಯಲ್ಲಿ ರುಕ್ಮಿಣಿಬಾಯಿಯ ಹೆಸರು ಇರಲಿಲ್ಲ. ಕಾರಣ ಕೇಳಿದರೆ, ವಯಸ್ಸಾಯಿತಲ್ಲ ಎಂದರು.

ಒಂದು ಸಂಜೆ ಗಂಗಾಬಾಯಿ ಬಾವಿಯ ಕಟ್ಟೆಗೆ ಬಂದು, ನಮ್ಮ ಮನೆಯವರ ಮೇಲೆ ಸಿಟ್ಟು ಬಿಡು ಎಂದು ಕೇಳಿದಳು. ರುಕ್ಮಿಣಿಬಾಯಿ ಕೊಡವನ್ನು ಕೆಳಗಿಟ್ಟಳು.

"ಅವ್ವಾರ, ನೀವು ಖರೇ ಹೇಳೀರಿ, ಛಲೋ ಆತು. ಆದರ ಹನ್ನೆರಡು ದಿನ ನೋಡಿ ಸುಮ್ಮನ ಇದ್ರಿ."

ಮುದುಕಿ ಕೋಲೂರಿಕೊಂಡು ಮನೆಯತ್ತ ತಿರುಗಿದಳು. ರುಕ್ಮಿಣಿಬಾಯಿ ಆ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ಇಂದಿಗೂ ಕೋರ್ಟಿನ ಪ್ರತಿ ತಾರೀಖಿಗೆ ಅವಳು ಕೆಲಸ ಬಿಟ್ಟು ಬಸ್ಸು ಹತ್ತುತ್ತಾಳೆ. ಒಂದು ಮಾತು ಮಾಫಿ ಕೇಳಿದರೆ ರಾಜಿಯಾಗುತ್ತದೆ ಎಂದು ವಕೀಲರು ಹೇಳಿದರು. ಮಾಫಿ ಕೇಳುವವಳಾಗಿದ್ದರೆ ಮೋಟಾರು ಏಕೆ ಎಳೆಯುತ್ತಿದ್ದೆ ಎಂದು ಎದ್ದು ಬಂದಳು.

ಗುಡ್ಡದ ಕಂದಕಗಳಲ್ಲಿ ಈಗ ಮಣ್ಣು ತುಂಬಿದೆ. ತೆಗೆಸಿರಿ ಎಂದು ಪಂಚಾಯಿತಿಗೆ ಐದು ಸಲ ಬರೆದುಕೊಟ್ಟಿದ್ದಾಳೆ. ಆರನೆಯ ಅರ್ಜಿ ಬರೆಯುವಾಗ ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಇನ್ನೊಂದು ಹಾಳೆ ಎಳೆದುಕೊಂಡು ಮೊದಲಿನಿಂದ ಬರೆಯತೊಡಗಿದಳು.