ಹರಾಜಿಗೆ ಮುಂಚೆ ಮಾರಮ್ಮ ಕೇಳಿಸಿದ ಮಾತು

ಅಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಮಾತು ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಹೋದ ಶ್ರಾವಣದಲ್ಲಿ ರಾಯದುರ್ಗದ ನಮ್ಮ ಮನೆ ಬಾಗಿಲಿಗೆ ಫೈನಾನ್ಸ್ ಕಂಪನಿಯವರು ಜಪ್ತಿ ನೋಟಿಸ್ ಅಂಟಿಸಿದರು. ನಾನೂ ನಮ್ಮ ಯಜಮಾನರೂ ಮನೆಯಲ್ಲೇ ಜೀನ್ಸ್ ಹೊಲಿಯುವವರು. ಬೆಳುಗುಪ್ಪದ ಬಸ್ಸಿನಿಂದ ಇಳಿಯುವಾಗ ಬಿದ್ದು ಅವರ ಸೊಂಟ ಮುರಿದಿತ್ತು. ಬಳ್ಳಾರಿ ಆಸ್ಪತ್ರೆಗೆ ಓಡಾಡಿದ್ದರಲ್ಲಿ ಮನೆ ಸಾಲದ ಕಂತು ನಿಂತುಹೋಯಿತು. ವರ್ಷಗಟ್ಟಲೆ ಕಟ್ಟಿದ ಕಂತು, ನನ್ನ ಎರಡೆಳೆ ಸರ ಮಾರಿ ಕಟ್ಟಿಸಿದ ಮೇಲಿನ ಕೋಣೆ, ಎಲ್ಲ ಮುಳುಗಿತು ಅಂದುಕೊಂಡೆ.

ಕಂಪನಿಯ ಆಫೀಸಿಗೆ ಹೋಗಿ ಅತ್ತೆ. ಅಲ್ಲಿನ ಸಾಹೇಬ ಫೋನಿನಿಂದ ಕಣ್ಣು ಎತ್ತಲೇ ಇಲ್ಲ. "ನೋಟಿಸ್ ಅಂಟಿಸಿದ ಮ್ಯಾಲ ಮನಿ ನಿಮ್ದಲ್ಲಮ್ಮ. ನೀವು ಮಾರೋಕೂ ಬರಲ್ಲ. ಸುಮ್ನೆ ಖಾಲಿ ಮಾಡ್ರಿ" ಅಂದ.

ಅದಕ್ಕಿಂತ ಹೊಲಸು ಕೆಲಸ ತಿಪ್ಪೇಸ್ವಾಮಿಯದು. ನಮಗೆ ಈ ಸಾಲ ಕೊಡಿಸಿದ ಬ್ರೋಕರ್ ಅವನೇ. ಗೃಹಪ್ರವೇಶದಲ್ಲಿ ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿಕೊಂಡವನು. ನಾನು ರೊಟ್ಟಿ ಬಡಿಯುತ್ತಿದ್ದಾಗ ಟೇಪ್ ಹಿಡಿದು ಒಳಗೆ ಬಂದು, ನನ್ನ ಬೆನ್ನ ಹಿಂದೆಯೇ ಅಡುಗೆಮನೆ ಅಳೆದ. "ಅಕ್ಕಾ, ಬೋರಿನ ಮೋಟರ್ ಇಲ್ಲೇ ಬಿಟ್ಟು ಹೋಗ್ತೀರಲ್ರೀ?" ಅಂದ. ಅನ್ನದಲ್ಲಿ ಕೂದಲು ಸಿಕ್ಕಂತಾಯಿತು.

ಮಂಗಳವಾರ ಊರಾಚೆಯ ಮಾರಮ್ಮನ ಗುಡಿಗೆ ಹೋಗಿ ಗರ್ಭಗುಡಿಯ ಹಿಂದೆ ಕುಳಿತು ಅಳುತ್ತಿದ್ದೆ. ಆಗ ತಿಪ್ಪೇಸ್ವಾಮಿ ಹೂ ಕೇಳಲು ಬಂದ. ನಾನು ಅವನಿಗೆ ಕಾಣುತ್ತಿರಲಿಲ್ಲ. ನಮ್ಮ ಕಡೆ ಯಾವ ದೊಡ್ಡ ಕೆಲಸಕ್ಕೂ ಮುಂಚೆ ಅಮ್ಮನ ಮೈಮೇಲೆ ಹೂ ಇಟ್ಟು ಅಪ್ಪಣೆ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ವಿಷಯ ಮುಚ್ಚಿಟ್ಟು ಕೇಳಿದರೆ ಅಪ್ಪಣೆ ಸುಳ್ಳಾಗುತ್ತದೆ ಎಂಬ ಭಯದಿಂದ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಅವನೂ ಹೇಳಿದ.

"ತಾಯಿ, ಆ ಹೊಲಿಗಿಯವರ ಮನಿ ಮೂವತ್ತು ಲಕ್ಷ ಬಾಳ್ತೈತಿ. ಹರಾಜಿನಾಗ ಅರ್ಧಕ್ಕ ನನ್ನ ಭಾಮೈದನ ಹೆಸರಿಗೆ ಹಿಡಿಯೋಕ ಸಾಹೇಬ್ರು ಒಪ್ಯಾರ. ಹರಾಜಿನ ಪ್ರಕಟಣಿ ಮುಂದಿನ ವಾರ ಪೇಪರ್‌ನಾಗ ಬರ್ತೈತಿ. ಅದರೊಳಗ ಆಯಮ್ಮ ತಾನ ಗಿರಾಕಿ ತಂದು ಸಾಲ ತೀರಿಸಿದ್ರ ಕೆಲಸ ಕೆಟ್ಟೋಗ್ತೈತಿ. ಆಕಿಗೆ ಗೊತ್ತಾಗದಂಗ ನೋಡ್ಕೋ. ಆಗಬೋದಂದ್ರ ಬಲಕ್ಕ ಕೊಡು."

ಪೂಜಾರಪ್ಪನಿಗೇ ನಾಚಿಕೆಯಾಯಿತೇನೋ, ಗಂಟಲು ಸರಿಮಾಡಿಕೊಂಡ. ಆಮೇಲೆ ಹೂ ಬಲಕ್ಕೆ ಬಿತ್ತೆಂದು ಹೇಳಿದ. ತಿಪ್ಪೇಸ್ವಾಮಿ ಅಡ್ಡಬಿದ್ದು, ಕಾಯಿ ಒಡೆಸಿ, ಸಂತೋಷದಿಂದ ಹೋದ.

ನನಗೆ ಅಮ್ಮನ ಮೇಲೂ ಅಸಹ್ಯ ಬಂತು. "ನೀನೂ ಅವನ ಕಡೆಯೇನೇ?" ಎಂದು ಜೋರಾಗಿಯೇ ಬೈದು, ಕುಂಕುಮ ಕೂಡ ತೆಗೆದುಕೊಳ್ಳದೆ ಹೊರಟೆ. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಗಿರಾಕಿ ತಂದು ಸಾಲ ತೀರಿಸಿದರೆ ಎಂದನಲ್ಲ! ಹಾಗಾದರೆ ಮಾರಲು ಬರುತ್ತದೆ. ಅವನಿಗೆ ಹೂ ಕೊಟ್ಟ ತಾಯಿ ನನಗೆ ದಾರಿಯನ್ನೇ ಕೊಟ್ಟಿದ್ದಳು. ಅಲ್ಲಿಂದಲೇ ಕೈ ಮುಗಿದು ತಪ್ಪಾಯಿತು ಅಂದೆ.

ನಮ್ಮ ಓಣಿಯ ಮೇಷ್ಟ್ರು ಮೊದಲಿಂದಲೂ ಮನೆ ಹುಡುಕುತ್ತಿದ್ದರು. ಇಪ್ಪತ್ತೆಂಟು ಲಕ್ಷಕ್ಕೆ ಮಾತಾಯಿತು. ಪೇಪರಿನಲ್ಲಿ ಬರುವ ಮುಂಚೆಯೇ ಅವರನ್ನು ಆಫೀಸಿಗೆ ಕರೆದುಕೊಂಡು ಹೋಗಿ, ಬಾಕಿಯಿದ್ದ ಹನ್ನೊಂದು ಲಕ್ಷವನ್ನು ಅವರ ಚೆಕ್ಕಿನಿಂದಲೇ ಕಟ್ಟಿಸಿದೆ. ಹರಾಜಾಗಿದ್ದರೆ ಬಡ್ಡಿ, ದಂಡ, ನೋಟಿಸಿನ ಖರ್ಚು, ಹರಾಜಿನ ಖರ್ಚು ಎಲ್ಲ ಮುರಿದುಕೊಂಡು ನಮ್ಮ ಕೈಗೆ ಚಿಲ್ಲರೆ ಹಾಕುತ್ತಿದ್ದರು. ಜೀವಮಾನದ ದುಡಿಮೆ ಅವರ ಊಟವಾಗುತ್ತಿತ್ತು.

ಸಾಹೇಬನ ಮುಖ ಕಪ್ಪಿಟ್ಟಿತು. "ಮಾರಬೋದಂತ ನಿಮಗ್ಯಾರು ಹೇಳಿದ್ರು?" ಅಂದ.

ತಿಪ್ಪೇಸ್ವಾಮಿ ಅಲ್ಲೇ ಕುರ್ಚಿಯಲ್ಲಿದ್ದ. "ಇವ್ರ ಹೇಳಿದ್ರು ಸಾರ್, ಮಾರಮ್ಮನ ಮುಂದ" ಅಂದೆ.

ಈಗ ಮಡಕಶಿರಾದಲ್ಲಿ, ನನ್ನ ತಂಗಿಯ ಬೀದಿಯಲ್ಲಿ, ಉಳಿದ ಹಣದಲ್ಲಿ ಕೊಂಡ, ಸಾಲವಿಲ್ಲದ ಎರಡು ಕೋಣೆಯ ಮನೆ ನಮ್ಮದು. ಯಜಮಾನರು ಕೋಲೂರಿ ನಡೆಯುತ್ತಾರೆ, ಮಿಷನ್ ಮುಂದೆ ಮತ್ತೆ ಕೂರುತ್ತಾರೆ. "ಇದ್ದ ಮನೇನೇ ಹೋಯ್ತಲ್ಲ, ನಿಮ್ಮಮ್ಮ ಏನ್ ಕಾಪಾಡಿದ್ಲು?" ಎಂದು ಇಲ್ಲಿಯವರು ಕೇಳುವುದುಂಟು. ಮನೆ ಹೋಯಿತು, ನಿಜ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ನಮ್ಮ ಬೆವರು ಆ ಹೇಸಿಗೆ ಬಾಯಿಗಳಿಗೆ ಬೀಳದಂತೆ ನೋಡಿಕೊಂಡೆಯಲ್ಲ ತಾಯಿ, ಬದುಕಿರುವ ತನಕ ನಿನ್ನ ಪಾದ ಬಿಡುವುದಿಲ್ಲ.