ಕೊಬ್ಬರಿ ತಿಂದು ದಪ್ಪಗಾದವಳು

ಮೊದಲು ಕೆಟ್ಟದ್ದು ನನ್ನ ದನಿ. ತಂಗಿ ಫೋನ್ ಮಾಡಿದ್ದಳು. ನಾನು "ಹಲೋ" ಅಂದೆ. "ಭಾವ, ಅಕ್ಕನಿಗೆ ಕೊಡಿ" ಅಂದಳು. ಇಬ್ಬರೂ ನಕ್ಕೆವು. ಶೀತ ಇರಬೇಕು ಅಂದುಕೊಂಡೆ. ವಾರಗಳು ಕಳೆದರೂ ಗಂಟಲು ತಿಳಿಯಾಗಲಿಲ್ಲ.

ಆಮೇಲೆ ತೂಕ ಏರತೊಡಗಿತು.

ಅಷ್ಟರಲ್ಲಾಗಲೇ ನನಗೆ ಕೆಲವು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇತ್ತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿಯಬೇಕು. ಅಟ್ಟದಿಂದ ಕಾಯಿ ಇಳಿಸಿದ ದಿನ ನಮ್ಮಲ್ಲಿ ಹೆಂಗಸರೆಲ್ಲ ಅಂಗಳದಲ್ಲಿ ಕೂತು ಕೊಬ್ಬರಿಯ ಕರಟ ಬಿಡಿಸುತ್ತಾರೆ. ಮಚ್ಚು ಹಿಡಿಯಲಾಗದ ನಾನು ಗೋಡೆಗೆ ಒರಗಿ ಕೂತು ದಪ್ಪ ಕೊಬ್ಬರಿ, ಸಣ್ಣ ಕೊಬ್ಬರಿ ಬೇರೆ ಮಾಡುತ್ತಿದ್ದೆ. ಒಡೆದ ಚೂರುಗಳೆಲ್ಲ ನನ್ನ ಪಕ್ಕದ ಮೊರಕ್ಕೆ ಬೀಳುತ್ತಿದ್ದವು. ಹಾಗಾಗಿ ನಾನು ದಪ್ಪಗಾದಾಗ ಯಾರೂ ಕಾರಣ ಹುಡುಕುವ ಕಷ್ಟ ಪಡಲಿಲ್ಲ.

"ಕೂತ್ಕಂಡು ಕೊಬ್ರಿ ಮೆಲ್ತಿದ್ರೆ ಇನ್ನೇನಾಯ್ತದೆ ಕಣೇ? ಇಂಥ ಕೀಲುನೋವು ನಂಗೂ ಬರಬಾರದಾ!" ಅಂದಳು ಪಕ್ಕದ ಮನೆಯ ಜಯಮ್ಮ. ಅಂಗಳವೆಲ್ಲ ನಕ್ಕಿತು.

ನಮ್ಮತ್ತೆ ನಗಲಿಲ್ಲ. "ಬಾಯಿ ಕಟ್ಟು ಕಣವ್ವ. ಮಂಡಿ ಭಾರ ತಡಿಯಲ್ಲ" ಅಂದರು. ಅವರು ನಗದೆ ಹೇಳಿದ್ದೇ ಹೆಚ್ಚು ಚುಚ್ಚಿತು.

ನಾನು ಕೊಬ್ಬರಿ ತಿನ್ನುತ್ತಿರಲಿಲ್ಲ. ತಿನ್ನುವುದು ಸಾಧ್ಯವೇ ಇರಲಿಲ್ಲ. ದವಡೆಯ ಕೀಲೂ ನೋಯುತ್ತಿತ್ತು. ಮುದ್ದೆ ನುಂಗಬಲ್ಲೆ, ಕೊಬ್ಬರಿ ಅಗಿಯಲಾರೆ.

ತಿಪಟೂರಿನಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ತೂಕದ ಮೆಷಿನ್ನಿನ ಕಡೆ ನೋಡಿ, "ತೆಂಗಿನ ತೋಟದವರಲ್ವಾ? ಕಾಯಿ, ಕೊಬ್ಬರಿ ನಿಲ್ಲಿಸಿ. ಕೀಲಿಗೆ ಕೊಟ್ಟಿರೋ ಸ್ಟೀರಾಯ್ಡ್‌ಗೂ ಸ್ವಲ್ಪ ಊದ್ತಾರೆ. ವಾಕಿಂಗ್ ಮಾಡಿ" ಅಂದರು.

"ಪಾದ ಊರಕ್ಕಾಗಲ್ಲ ಸಾರ್."

"ನಿಧಾನಕ್ಕೆ ಮಾಡಿ."

ಕಾಯಿ ನಿಲ್ಲಿಸಿದೆ. ತೋಟದ ತುಂಬ ಕಾಯಿ, ಮನೆಯ ಸಾರಿಗೆ ಹುರಿಗಡಲೆ. ಯಜಮಾನರು ತಟ್ಟೆ ನೋಡಿ, "ಇದೇನು ಸಾರಾ, ಕೈ ತೊಳ್ಯೋ ನೀರಾ?" ಅಂದರು. ಆದರೂ ಉಂಡರು. ತೂಕ ಏರುತ್ತಲೇ ಇತ್ತು. ಮುಖ ಊದಿತು. ಬಾಚಿದರೆ ಕೂದಲು ಬಾಚಣಿಗೆಗೇ ಬರುತ್ತಿತ್ತು. ಬಿಸಿಲುಗಾಲದಲ್ಲಿ ಶಾಲು ಹೊದ್ದು ಕೂರುತ್ತಿದ್ದೆ. ಪ್ರತಿಯೊಂದನ್ನೂ ಡಾಕ್ಟರಿಗೆ ಹೇಳಿದೆ. "ಆರ್ಥ್ರೈಟಿಸ್ ಇದ್ದಾಗ ಸುಸ್ತು ಇರತ್ತೆ" ಅಂದರು. ಚಳಿಯ ಬಗ್ಗೆ ಏನೂ ಅನ್ನಲಿಲ್ಲ.

ಒಮ್ಮೆ ಅವರು ರಜದಲ್ಲಿದ್ದರು. ಅವರ ಕುರ್ಚಿಯಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದರು. ನಾನು ಬಾಯಿ ತೆರೆದೊಡನೆ, "ದನಿ ಯಾವಾಗಿಂದ ಹೀಗಿದೆ?" ಅಂತ ಕೇಳಿದರು. ಎದ್ದು ಬಂದು ನನ್ನ ಕತ್ತು ಮುಟ್ಟಿ ನೋಡಿದರು. ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ ಅದು ಬಹಳ ಹೆಚ್ಚಿತ್ತು. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ರುಮಟಾಯ್ಡ್ ಇರುವವರಿಗೆ ಈ ತೊಂದರೆಯೂ ಬರುವುದುಂಟು ಅಂದರು.

ಒಂದು ರಕ್ತಪರೀಕ್ಷೆ. ಅಷ್ಟೇ ಬೇಕಾಗಿದ್ದದ್ದು.

ಮಾತ್ರೆ ಶುರುವಾಯಿತು. ಆದರೆ ತಿಂಗಳುಗಳು ಕಳೆದರೂ ಟಿಎಸ್‌ಎಚ್ ಇಳಿಯಲಿಲ್ಲ. ರಜ ಮುಗಿಸಿ ಬಂದ ಹಳೆಯ ಡಾಕ್ಟರ್ ಡೋಸ್ ಏರಿಸಿದರು. ಮತ್ತೆ ಏರಿಸಿದರು. ಕೊನೆಗೆ ರಿಪೋರ್ಟನ್ನು ಮೇಜಿನ ಮೇಲೆ ಹಾಕಿ, "ನೀವು ಮಾತ್ರೆ ತಗೋತಿಲ್ಲಮ್ಮ. ಸುಳ್ಳು ಹೇಳಬೇಡಿ" ಅಂದರು.

ನಾನು ಆ ರಿಪೋರ್ಟನ್ನು ಅವರ ಕಡೆಗೇ ತಳ್ಳಿದೆ.

"ಒಂದು ದಿನವೂ ತಪ್ಪಿಸಿಲ್ಲ ಸಾರ್. ಎದ್ದ ತಕ್ಷಣ ನಮ್ಮತ್ತೆ ಹಾಲು ಹಾಕಿ ರಾಗಿಗಂಜಿ ಕಾಯಿಸ್ತಾರೆ. ಅದನ್ನ ಕುಡಿದು, ಕ್ಯಾಲ್ಸಿಯಂ ಮಾತ್ರೆ ಜೊತೆಗೇ ಇದನ್ನೂ ನುಂಗ್ತೀನಿ. ಬೇಕಾದ್ರೆ ಅವರನ್ನೇ ಕೇಳಿ."

ಅವರು ಪೆನ್ನು ಕೆಳಗಿಟ್ಟರು. "ಗಂಜಿ ಆದ್ಮೇಲಾ? ಇದನ್ನ ಬರೀ ಹೊಟ್ಟೇಲಿ ತಗೋಬೇಕು. ಹಾಲು, ರಾಗಿ, ಕ್ಯಾಲ್ಸಿಯಂ ಇದ್ರೆ ಇದು ಮೈಗೆ ಹತ್ತಲ್ಲ. ಚೀಟಿಯಲ್ಲಿ ಬರ್ದಿದೀನಲ್ಲ."

"ಬರ್ದಿರಬೋದು. ಹೇಳ್ಲಿಲ್ಲ. ನೋವಿನ ಮಾತ್ರೆ ಕೊಟ್ಟಾಗ, ಬರೀ ಹೊಟ್ಟೇಲಿ ಯಾವ ಮಾತ್ರೇನೂ ನುಂಗಬೇಡಿ, ಹುಣ್ಣಾಗತ್ತೆ ಅಂದೋರು ನೀವೇ. ಅವತ್ತಿಂದ ನಮ್ಮತ್ತೆ ಒಂದು ದಿನ ಗಂಜಿ ತಪ್ಪಿಸಿಲ್ಲ."

ಅವರು ಚೀಟಿ ಹಿಂದಕ್ಕೆ ತೆಗೆದುಕೊಂಡು, ಏರಿಸಿದ್ದ ಡೋಸನ್ನು ಇಳಿಸಿ, ಕನ್ನಡದಲ್ಲಿ ಬರೆದುಕೊಟ್ಟರು: ಎದ್ದ ತಕ್ಷಣ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಗಂಜಿ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ರಾತ್ರಿಗೆ.

ಮನೆಯಲ್ಲಿ ಹೇಳಿದಾಗ ಅತ್ತೆ ಒಲೆಯ ಮುಂದೆ ಕೂತರು. "ನನ್ ಕೈಯಾರೆ ನಾನೇ ಕೆಡಿಸ್ದೆನಲ್ಲವ್ವ" ಅಂದರು. ಅವರ ತಪ್ಪೇನಿತ್ತು? ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದರು. ಯಜಮಾನರು "ಈಗ ಗೊತ್ತಾಯ್ತಲ್ಲ ಬುಡು" ಅಂದರು. ಬಿಡಲು ನನಗೆ ಮನಸ್ಸಿರಲಿಲ್ಲ. ಈಗಲೂ ಇಲ್ಲ. ಕಾಯಿಲೆ ಯಾರಿಗಾದರೂ ಬರುತ್ತದೆ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ನನ್ನ ಮೈಯಲ್ಲಿ ಏನಾಗುತ್ತಿದೆ ಎಂದು ನಾನು ಹೇಳಿದಷ್ಟು ಸಲವೂ ಎದುರಿಗಿದ್ದವರು ಕೇಳಿದ್ದು ನಾನು ಏನು ತಿಂದೆ ಎಂಬುದನ್ನು ಮಾತ್ರ. ಮೊದಲು ಹೊಟ್ಟೆಬಾಕಿ, ಆಮೇಲೆ ಸುಳ್ಳಿ.

ಈ ಸಲದ ರಿಪೋರ್ಟ್ ಸರಿ ಇದೆ. ದನಿ ಮರಳಿದೆ. ಮುಖದ ಊತ ಇಳಿದಿದೆ. ತೂಕ ಸ್ವಲ್ಪವೇ ಇಳಿದಿದೆ, ಪೂರ್ತಿ ಇಳಿಯುವ ಭರವಸೆ ಯಾರೂ ಕೊಟ್ಟಿಲ್ಲ. ಬೆರಳುಗಳು ಹಾಗೇ ಇವೆ. ಇಷ್ಟಾದರೂ ಆಯಿತಲ್ಲ ಅನ್ನುತ್ತೇನೆ.

ರಿಪೋರ್ಟ್ ತೋರಿಸಿ ಹೊರಗೆ ಬಂದು, ಮಂಡಿ ಸಡಿಲವಾಗಲಿ ಎಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ. ನನ್ನಷ್ಟೇ ದಪ್ಪಗಿದ್ದ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಪರದೆಯ ಆಚೆಯಿಂದ ಅದೇ ಹಳೆಯ ಡಾಕ್ಟರ ದನಿ ಕೇಳಿಸಿತು.

"ಥೈರಾಯ್ಡ್ ಮಾತ್ರೆ ತಗೋತಿದೀರಲ್ಲ, ಅದಕ್ಕೆ ಮುಂಚೆ ಬೆಳಿಗ್ಗೆ ಏನಾದ್ರೂ ಕುಡೀತೀರಾಮ್ಮ?"

ಅಷ್ಟರಲ್ಲಿ ಯಜಮಾನರು ಬಂದು, "ಏಳು, ಬಸ್ಸು ಬಂದ್ಬುಡ್ತದೆ" ಅಂದರು.

"ತಡೀರಿ" ಅಂದೆ. ಆಕೆ ಏನು ಹೇಳುತ್ತಾಳೋ ಕೇಳಬೇಕಿತ್ತು.