ಹೊಕ್ಕುಳ ಒಣಗುವವರೆಗೆ

ಮೊನ್ನೆ ಮೈಸೂರಿನ ನಮ್ಮ ಬೀದಿಯಲ್ಲಿ ನಡೆದು ಬರುತ್ತಿದ್ದಾಗ ಒಂದು ಮನೆಯ ಕಿಟಕಿಯಿಂದ ಸಾಂಬ್ರಾಣಿ ಹೊಗೆಯೂ ಸುಟ್ಟ ಬಜೆಯ ಘಾಟೂ ಬೆರೆತು ಬಂದವು. ಒಳಗೆ ಬಾಣಂತಿ ಇದ್ದಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ವಾಸನೆ ಎಷ್ಟೋ ಜನರಿಗೆ ಸುಖದ ನೆನಪು ತರುತ್ತದೆ. ನನಗೆ ಮಾತ್ರ ಮೊದಲು ಬರುವುದು ದಿಗಿಲು. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ, ಬಾಣಂತಿಯ ಕೋಣೆಯ ಬಾಗಿಲಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದುದು ನೆನಪಿರಬಹುದು.

ನಮ್ಮ ಮನೆ ಇದ್ದದ್ದು ಪಾಲಹಳ್ಳಿಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ಅಪ್ಪನ ತಂಗಿ ಜಯತ್ತೆ ಚೊಚ್ಚಲ ಹೆರಿಗೆಗೆ ದೇವಲಾಪುರದಿಂದ ಬಂದಿದ್ದಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಗಂಡುಮಗು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅದರ ಹೊಕ್ಕುಳಲ್ಲಿ ದಾರ ಕಟ್ಟಿದ ತುಂಡು ಬಳ್ಳಿಯೊಂದು, ಬಾಡಿದ ಹೂವಿನ ತೊಟ್ಟಿನಂತೆ ಕಪ್ಪಾಗುತ್ತ ನಿಂತಿತ್ತು. ಅದಕ್ಕೆ ಏನನ್ನೂ ಹಚ್ಚಬಾರದು, ಒದ್ದೆಯಾಗಲು ಬಿಡಬಾರದು, ತಾನಾಗಿ ಬೀಳುವವರೆಗೆ ಎಳೆಯಬಾರದು ಎಂದು ನರ್ಸಮ್ಮ ಹೇಳಿ ಕಳಿಸಿದ್ದರಂತೆ. ಯಾರ ಮಾತನ್ನೂ ಸುಲಭಕ್ಕೆ ಒಪ್ಪದ ನನ್ನಜ್ಜಿ ಆ ಮಾತನ್ನು ಮಾತ್ರ ದೇವರ ಅಪ್ಪಣೆಯಂತೆ ಹಿಡಿದಳು. ಹಳೆಯ ಪಂಚೆಯ ಬಟ್ಟೆಗಳನ್ನು ಕುದಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಸೋಪು ಹಚ್ಚಿ ಕೈ ತೊಳೆದುಕೊಂಡೇ ಮಗುವನ್ನು ಮುಟ್ಟುತ್ತಿದ್ದಳು. ಬೆಳಗಿನ ಎಳೆಬಿಸಿಲು ಹೊಸ್ತಿಲು ದಾಟಿದೊಡನೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಣ್ಣು ಕಿರಿದು ಮಾಡಿ ಆ ತುಂಡನ್ನೇ ನೋಡುತ್ತ ಕೂರುವಳು. ಅವಳಿಗೇಕೆ ಅಷ್ಟು ಭಯ ಎಂದು ಯಾರಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಜಯತ್ತೆಯ ಅತ್ತೆ ಮೊಮ್ಮಗನನ್ನು ನೋಡಲು ಬಂದರು. ಎತ್ತರದ ಆಳು, ಗಟ್ಟಿ ದನಿ. ಮಡಿಲಿನಿಂದ ಬೆರಣಿ ಬೂದಿಯ ಪುಟ್ಟ ಗಂಟೊಂದನ್ನು ತೆಗೆದು, ಹರಳೆಣ್ಣೆ ಕೊಡಿ, ಕಲಸಿ ಹಚ್ಚುತ್ತೇನೆ ಎಂದರು.

“ನಮ್ಮನೇಲಿ ಎಲ್ಲಾ ಮಕ್ಳಿಗೂ ಇದ್ನೇ ಅಚ್ಚಿದ್ದು. ಒಂದಕ್ಕೂ ಏನೂ ಆಗ್ನಿಲ್ಲ. ಗುಂಡುಕಲ್ಲಂಗವ್ರೆ.”

ಬೀಗಿತ್ತಿಯ ಮಾತಿಗೆ ಎದುರಾಡುವುದೆಂದರೆ ಕೊಟ್ಟ ಮಗಳ ಬಾಳಿಗೆ ಮುಳ್ಳು ಹಾಕಿದಂತೆ. ಅಮ್ಮ ತಲೆ ತಗ್ಗಿಸಿ ಎಣ್ಣೆ ತರಲು ಎದ್ದಳು. ಅಜ್ಜಿ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು.

“ಬ್ಯಾಡ ಕಣಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ.”

“ಇದೇನವ್ವ, ನಾನೇನು ಇಸ ಇಕ್ತಿದ್ದೀನಾ?”

ಅಜ್ಜಿ ಆಗ ಹೇಳಿದಳು. ಅಪ್ಪನೇ ಅವಳ ಮೊದಲ ಮಗ ಎಂದು ನಾವೆಲ್ಲ ತಿಳಿದಿದ್ದೆವು. ಅಲ್ಲವಂತೆ.

“ನನ್ನ ಮೊದಲ್ನೇ ಮಗೀಗೆ ನನ್ನ ಕೈಯಾರೆ ಬೂದಿ ಅಚ್ಚಿದ್ದೆ. ಮೊಲೆ ಬುಟ್ಬುಡ್ತು. ದವಡೆ ಕಚ್ಕತು. ಬಿಲ್ಲಂಗೆ ಬಗ್ಗೋಯ್ತು ಕಣಕ್ಕ, ನನ್ನ ತೊಡೆ ಮ್ಯಾಲೇ.”

ಬೀಗಿತ್ತಿ ಗಂಟನ್ನು ಮಡಿಲಿಗೆ ಸೇರಿಸಿಕೊಂಡರು. ಆದರೆ ಮುಖ ಸಡಿಲವಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮಗು ಹಾಲು ಕುಡಿಯಲಿಲ್ಲ. ಜಯತ್ತೆ ಮತ್ತೆ ಮತ್ತೆ ಎದೆಗಿಟ್ಟುಕೊಂಡಳು. ಅದು ಮುಖ ತಿರುಗಿಸಿ ಸಣ್ಣಗೆ ನರಳಿತು. ಬಟ್ಟೆ ಸರಿಸಿದರೆ ಹೊಕ್ಕುಳ ಸುತ್ತ ಕೆಂಪು, ಬುಡದಲ್ಲಿ ಕೀವಿನ ಹಸಿ. ಅಜ್ಜಿ ಮಗುವಿನ ದವಡೆಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಬೂದಿ ಹಚ್ಚದ್ದಕ್ಕೇ ಹೀಗಾಯಿತೆಂದು ಬೀಗಿತ್ತಿ ಬೈಯಬಹುದೆಂದು ಅಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅವರು ಬೈಯಲಿಲ್ಲ. “ಆಟೋ ಕರೀರಿ. ಕೂತ್ಕಂಡು ಏನ್ ನೋಡ್ತೀರಿ?” ಎಂದು ಕೂಗಿ, ಸೆರಗು ಸಿಕ್ಕಿಸಿ ಎದ್ದರು.

ಮಗುವಿನೊಡನೆ ಜಯತ್ತೆ, ಅಜ್ಜಿ, ಬೀಗಿತ್ತಿ ಮೂವರೂ ಶ್ರೀರಂಗಪಟ್ಟಣಕ್ಕೆ ಹೋದರು. ಮನೆಯಲ್ಲಿ ಅಮ್ಮನೂ ನಾನೂ ಉಳಿದೆವು. ಅಮ್ಮ ಒಲೆ ಹಚ್ಚಲಿಲ್ಲ. ಸೀರೆಯ ಜೋಲಿ ತೊಲೆಯಿಂದ ಖಾಲಿಯಾಗಿ ಇಳಿಬಿದ್ದಿತ್ತು. ಗಾಳಿಗೆ ಅದು ಅಲುಗಿದಾಗಲೆಲ್ಲ ನಾನು ಓಡಿಹೋಗಿ ಹಿಡಿದು ನಿಲ್ಲಿಸುತ್ತಿದ್ದೆ. ರಸ್ತೆಯಲ್ಲಿ ಆಟೋ ಸದ್ದಾದರೆ ಇಬ್ಬರೂ ಏಳುತ್ತಿದ್ದೆವು. ಅದು ಬೆಳಗೊಳದ ಕಡೆಗೆ ಹೊರಟುಹೋದರೆ ಮತ್ತೆ ಕೂರುತ್ತಿದ್ದೆವು. ಯಾರಾದರೂ ಅಳುತ್ತ ಬಂದರೆ ಏನು ಮಾಡುವುದೆಂದು ಅಮ್ಮನನ್ನು ಕೇಳಬೇಕೆನಿಸುತ್ತಿತ್ತು.

ದನ ಮನೆಗೆ ಬರುವ ಹೊತ್ತಿಗೆ ಆಟೋ ನಮ್ಮ ಬಾಗಿಲಲ್ಲೇ ನಿಂತಿತು. ಮಗು ಬೀಗಿತ್ತಿಯ ತೋಳಲ್ಲಿ ನಿದ್ದೆ ಹೋಗಿತ್ತು. ನಂಜು ಆಗತಾನೇ ಹತ್ತಿತ್ತಂತೆ. ಡಾಕ್ಟರು ತೊಳೆದು ಇಂಜೆಕ್ಷನ್ ಕೊಟ್ಟರಂತೆ, ಅಲ್ಲಿಯೇ ಇರಿಸಿಕೊಂಡು, ಅದು ಹಾಲು ಕುಡಿದದ್ದನ್ನು ಕಂಡ ಮೇಲೇ ಕಳಿಸಿದರಂತೆ. ದಿನವೂ ಕರೆತಂದು ತೋರಿಸಬೇಕು. ಅಜ್ಜಿ ಜಗಲಿಯ ಮೇಲೆ ಕುಸಿದು ಕೂತಳು. ಬೀಗಿತ್ತಿ ಮಗುವನ್ನು ಜೋಲಿಗೆ ಹಾಕಿ, ಹಿತ್ತಿಲಿಗೆ ಹೋಗಿ, ಬೂದಿಯನ್ನೆಲ್ಲ ಬಾಳೆಯ ಬುಡಕ್ಕೆ ಸುರಿದು ಬಂದರು.

ಅವರು ಊರಿಗೆ ಹೊರಡಲಿಲ್ಲ. ಬೆಳಿಗ್ಗೆ ಬಾಗಿಲ ಬಿಸಿಲಲ್ಲಿ ಈಗ ಇಬ್ಬರು ಮುದುಕಿಯರು ತಲೆಗೆ ತಲೆ ತಾಗಿಸಿ ಹೊಕ್ಕುಳ ನೋಡುತ್ತಿದ್ದರು. ಕೆಂಪು ಇಳಿಯಿತು. ಒಂದು ದಿನ ತುಂಡು ತಾನಾಗಿ ಕಳಚಿ ಬಟ್ಟೆಯ ಮೇಲೆ ಬಿದ್ದಿತ್ತು. ಅಜ್ಜಿ ಅಂದು ಮೊದಲ ಬಾರಿ ಹೊಟ್ಟೆ ತುಂಬ ಉಂಡಳು.

ಹೆಸರಿಡುವ ದಿನ, ನೆಂಟರೆಲ್ಲ ತೊಟ್ಟಿಲ ಸುತ್ತ ಸೇರಿದ್ದಾಗ, ಬೀಗಿತ್ತಿ ಅಜ್ಜಿಯ ಕಿವಿಯ ಬಳಿ ಬಾಗಿದರು. ನಾನು ಪಕ್ಕದಲ್ಲೇ ಇದ್ದೆ.

“ಆ ನಿಮ್ಮ ಮಗೀಗೆ ಏನಂತ ಎಸರಿಟ್ಟಿದ್ರಿ? ಅದ್ನೂ ಒಂದ್ಸಲ ಕೂಗಾನ.”

“ಎಸರು ಇಡೋಗಂಟ ಇರ್ನಿಲ್ಲ ಕಣಕ್ಕ,” ಎಂದಳು ಅಜ್ಜಿ.

ಬೀಗಿತ್ತಿ ತೊಟ್ಟಿಲಿಂದ ಮಗುವನ್ನು ಎತ್ತಿ ಅಜ್ಜಿಯ ಮಡಿಲಲ್ಲಿ ಇಟ್ಟರು. ಅದರ ಕಿವಿಯಲ್ಲಿ ಹೆಸರು ಮೊದಲು ಹೇಳಿದ್ದು ಅಜ್ಜಿಯೇ.

ಈಗ ಅವರಿಬ್ಬರೂ ಇಲ್ಲ. ಆ ಮನೆಯನ್ನು ಕೆಡವಿ ಬಹಳ ಕಾಲವಾಯಿತು. ಜಯತ್ತೆಯ ಮಗ ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿದ್ದಾನೆ. ಹೆಸರಿಲ್ಲದೆ ಹೋದ ಆ ಇನ್ನೊಂದು ಕೂಸನ್ನು ಕಣ್ಣಾರೆ ಕಂಡಿದ್ದವರಲ್ಲಿ ಅಜ್ಜಿಯೇ ಕೊನೆಯವಳು. ಇವತ್ತು ಅದನ್ನು ನೆನೆಯಲು ಉಳಿದಿರುವುದು, ಅದನ್ನು ಕಂಡೇ ಇಲ್ಲದ ನಾನು.